ಕಿವಿ ಪರೀಕ್ಷೆಯ ಮುಚ್ಚಿದ ಕೋಣೆ ಮತ್ತು ಸಾಂಕ್ರಾಮಿಕದ ಕಾಲ: ಬದಿಯಡ್ಕದ ಶ್ರವಣತಜ್ಞೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಎರಡು ಕೋಣೆಗಳ ಬಾಡಿಗೆ ಕಟ್ಟಡದಲ್ಲಿ ಶ್ರವಣ ತಪಾಸಣಾ ಕೇಂದ್ರವನ್ನು ನಡೆಸುತ್ತಿದ್ದೇನೆ. ಕೋವಿಡ್ ಬಂದಾಗ ನಾನಿನ್ನೂ ವಿದ್ಯಾರ್ಥಿನಿ. ಆಗ ಸ್ವಂತ ಹೊಣೆಯ ಮೇಲೆ ಕೆಲಸ ಮಾಡಿದ ಅನುಭವ ನನಗಿಲ್ಲ. ಈಗ ಕೋಝಿಕ್ಕೋಡು, ಮಲಪ್ಪುರಂ ಕಡೆಯಿಂದ ನಿಪಾ ಸುದ್ದಿ ಬಂದಾಗಲೆಲ್ಲ ಮುಂದೇನು ಮಾಡಬೇಕೆಂಬ ಚಿಂತೆ ಹತ್ತುತ್ತದೆ. ಕಿವಿಯೊಳಗೆ ಉಪಕರಣ ಹಾಕುವ ಕೆಲಸವೇ ಅಪಾಯ, ಅಂಥ ಸಂದರ್ಭದಲ್ಲಿ ಕೇಂದ್ರವನ್ನು ಮುಚ್ಚುವುದೇ ಸರಿ ಎಂದು ಒಬ್ಬ ಹಿರಿಯರು ಹೇಳುತ್ತಾರೆ. ಮಾಸ್ಕ್, ಸ್ಯಾನಿಟೈಸರ್ ಮತ್ತು ನೇರಳಾತೀತ ಬೆಳಕಿನಿಂದ ಸೋಂಕು ಕಳೆಯುವ ಒಂದು ಯುವಿ ಪೆಟ್ಟಿಗೆ ಇದ್ದರೆ ಎಂದಿನಂತೆ ಕೆಲಸ ಮಾಡಬಹುದು ಎಂದು ಇನ್ನೊಬ್ಬರು ಹೇಳುತ್ತಾರೆ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಮಾಸ್ಕ್ ಹಾಕಿ ಮಾತನಾಡಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮುಚ್ಚಿದರೆ ಬಾಡಿಗೆ ಮತ್ತು ಸಹಾಯಕಿಯ ಸಂಬಳದ ಗತಿಯೇನು? ಕೈಯಲ್ಲಿರುವ ಸ್ವಲ್ಪ ಹಣದಲ್ಲಿ ಮೊದಲು ಏನನ್ನು ಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ನಿಮಗೆ ರೋಗ ತಗಲೀತೇ, ನಿಮ್ಮ ಕೇಂದ್ರದಿಂದ ವಯಸ್ಸಾದವರಿಗೆ ತಗಲೀತೇ, ಮುಚ್ಚಿದರೆ ಬದುಕು ನಡೆಯುವುದು ಹೇಗೆ. ನಾಲ್ಕನೆಯದೊಂದನ್ನು ನೀವು ಬರೆದಿಲ್ಲ. ನೀವು ಬಾಗಿಲು ಹಾಕಿದ ದಿನಗಳಲ್ಲಿ ಕಿವಿಯ ತೊಂದರೆ ತುರ್ತಾದವರು ಎಲ್ಲಿಗೆ ಹೋಗಬೇಕು? ನಮ್ಮ ಜಿಲ್ಲೆಯ ಮಟ್ಟಿಗೆ ಇದು ದೊಡ್ಡ ಪ್ರಶ್ನೆ. ಭಾರತದ ಮೊದಲ ಕೋವಿಡ್ ಪ್ರಕರಣ 2020ರ ಜನವರಿ 30ರಂದು ತೃಶ್ಶೂರಿನಲ್ಲಿ ದೃಢಪಟ್ಟಿತು. ಅದಾದ ಕೆಲವೇ ದಿನಗಳಲ್ಲಿ ದೇಶದ ಮೂರನೆಯ ಪ್ರಕರಣ ಕಾಸರಗೋಡು ಜಿಲ್ಲೆಯಲ್ಲೇ ಕಂಡುಬಂತು. ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ, ಸಣ್ಣ ಕಾಯಿಲೆಗೂ ಮಂಗಳೂರನ್ನೇ ನಂಬಿಕೊಂಡಿದ್ದ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಜನ ಹೇಗೆ ಕಂಗಾಲಾದರೆಂಬುದು ನಿಮಗೆ ನೆನಪಿರಬಹುದು. ಕಿವಿಯ ಶಸ್ತ್ರಚಿಕಿತ್ಸಕರು, ಶ್ರವಣ ಸಾಧನದ ರಿಪೇರಿ, ಸಾಧನವನ್ನು ಕಿವಿಯಲ್ಲಿ ಕೂರಿಸುವ ಕಿವಿಯಚ್ಚು ಮಾಡುವ ಲ್ಯಾಬ್, ಎಲ್ಲವೂ ಗಡಿಯ ಆಚೆಗೇ ಉಳಿದವು. ಆದ್ದರಿಂದ ಮುಚ್ಚುವುದು ಅಪಾಯವಿಲ್ಲದ ಆಯ್ಕೆಯೆಂದೂ ತೆರೆಯುವುದು ಮಾತ್ರ ಅಪಾಯದ್ದೆಂದೂ ಎಣಿಸಬೇಡಿ.

ಮೊದಲು ನಿಮ್ಮ ಇಬ್ಬರು ಹಿರಿಯರ ಮಾತನ್ನು ಪರಿಶೀಲಿಸೋಣ. ಕಿವಿಯ ಕೆಲಸವೇ ಅಪಾಯವೆನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊರಕಿವಿಯ ನಾಳ ಚರ್ಮದಿಂದ ಕೂಡಿದ್ದು. ಅದು ಮೂಗು, ಗಂಟಲಿನ ಲೋಳೆಪೊರೆಯಂಥದ್ದಲ್ಲ. ಕರ್ಣಪಟಲ ಸರಿಯಾಗಿರುವ ಒಣ ಕಿವಿಯನ್ನು, ಒಳಗೆ ಬೆಳಕು ಬಿಟ್ಟು ನೋಡುವ ಆಟೋಸ್ಕೋಪ್‌ನಿಂದ ನೋಡುವುದರಿಂದ ಉಸಿರಾಟದ ವೈರಸ್ ಹರಡಿತೆಂದು ಭಯಪಡಲು ಕಾರಣವಿಲ್ಲ. ಆದರೆ ನಡುಕಿವಿಯು ಯುಸ್ಟೇಷಿಯನ್ ನಾಳದ ಮೂಲಕ ಮೂಗಿನ ಹಿಂಭಾಗಕ್ಕೆ ಕೂಡಿಕೊಂಡಿದೆ. ಕೋವಿಡ್‌ನಿಂದ ತೀರಿಕೊಂಡ ಮೂವರ ಶವಪರೀಕ್ಷೆ 2020ರಲ್ಲಿ ಅಮೆರಿಕದಲ್ಲಿ ನಡೆದಾಗ, ಇಬ್ಬರ ನಡುಕಿವಿ ಅಥವಾ ಕಿವಿಯ ಹಿಂದಿನ ಮಾಸ್ಟಾಯ್ಡ್ ಎಲುಬಿನಲ್ಲಿ ವೈರಸ್ ಸಿಕ್ಕಿತ್ತು. ಹಾಗಾಗಿ ಸೋರುವ ಕಿವಿ, ತೂತಾದ ಕರ್ಣಪಟಲ, ಸಕ್ಷನ್ ಹಾಕಿ ಹೀರಿ ತೆಗೆಯಬೇಕಾದ ಸಂದರ್ಭ, ಇವು ಬೇರೆಯೇ ವರ್ಗಕ್ಕೆ ಸೇರುತ್ತವೆ. ಸಾಂಕ್ರಾಮಿಕದ ಕಾಲದಲ್ಲಿ ಇವನ್ನು ಇ.ಎನ್.ಟಿ. ವೈದ್ಯರಿಗೆ ಬಿಟ್ಟುಕೊಡುವುದು ಸೂಕ್ತ.

ಇಷ್ಟಾಗಿಯೂ ನಮ್ಮ ಕೇಂದ್ರಗಳಲ್ಲಿ ಅಪಾಯ ಇರುವುದು ಕಿವಿಯಲ್ಲಲ್ಲ, ಗಾಳಿಯಲ್ಲಿ. 2020ರ ಆರಂಭದಲ್ಲಿ ಎಲ್ಲರೂ ಬಾಗಿಲ ಹಿಡಿ, ಮೇಜು, ನೋಟುಗಳನ್ನು ಒರೆಸುವುದರಲ್ಲಿ ಮುಳುಗಿದ್ದೆವು. ಮುಂದೆ ತಿಳಿವಳಿಕೆ ಬದಲಾಯಿತು: ಮುಟ್ಟಿದ್ದರಿಂದ ಕೋವಿಡ್ ತಗಲುವ ಸಾಧ್ಯತೆ ಬಹಳ ಕಡಿಮೆ, ಮುಚ್ಚಿದ ಜಾಗದಲ್ಲಿ ನಿಂತ ಗಾಳಿಯನ್ನು ಉಸಿರಾಡುವುದರಿಂದ ತಗಲುವ ಸಾಧ್ಯತೆ ಹೆಚ್ಚು ಎಂಬುದು ಸ್ಪಷ್ಟವಾಯಿತು. ಶಬ್ದ ಒಳಬರದಂತೆ ಎಲ್ಲ ಸಂದುಗಳನ್ನೂ ಮುಚ್ಚಿ ಕಟ್ಟಿದ ನಮ್ಮ ಆಡಿಯೋಮೆಟ್ರಿ (ಶ್ರವಣ ಪರೀಕ್ಷೆಯ) ಬೂತ್ ಇಂಥ ಜಾಗಕ್ಕೆ ತಕ್ಕ ಉದಾಹರಣೆ. ಅದರೊಳಗೆ ರೋಗಿ ಅರ್ಧ ಗಂಟೆ ಕುಳಿತು ಎದ್ದುಹೋದ ಮೇಲೂ ಅವರ ಉಸಿರು ಅಲ್ಲೇ ಉಳಿದಿರುತ್ತದೆ. ರೋಗಿ ಬೂತ್‌ನ ಒಳಗೆ, ನಾನು ಹೊರಗೆ, ಆದ್ದರಿಂದ ಸುರಕ್ಷಿತ ಎಂಬುದು ನಿಮ್ಮ ಮಟ್ಟಿಗೆ ಸ್ವಲ್ಪ ನಿಜವಿರಬಹುದು. ಮುಂದಿನ ರೋಗಿಯ ಮಟ್ಟಿಗೆ ಖಂಡಿತ ನಿಜವಲ್ಲ.

ಒಂದು ಕೋಣೆಯ ಗಾಳಿಯೆಲ್ಲ ಗಂಟೆಗೆ 6 ಬಾರಿ ಬದಲಾಗುವಷ್ಟು ವಾಯುಸಂಚಾರವಿದ್ದರೆ, ತೇಲುವ ಕಣಗಳಲ್ಲಿ ನೂರಕ್ಕೆ 99ರಷ್ಟು ಹೊರಹೋಗಲು ಸುಮಾರು 46 ನಿಮಿಷ ಬೇಕು. 12 ಬಾರಿ ಬದಲಾದರೆ 23 ನಿಮಿಷ ಸಾಕು; 2 ಬಾರಿ ಮಾತ್ರ ಬದಲಾಗುವ ಕೋಣೆಯಲ್ಲಿ ಎರಡು ಗಂಟೆಗೂ ಮೀರಿ ಕಾಯಬೇಕು. ಹಾಗಾಗಿ ಎರಡು ಪರೀಕ್ಷೆಗಳ ನಡುವೆ ಬೂತ್‌ನ ಬಾಗಿಲನ್ನು ಪೂರ್ತಿ ತೆರೆದು, ಒಳಗಿನ ಗಾಳಿ ಹೊರಬರುವಂತೆ ಒಂದು ಟೇಬಲ್ ಫ್ಯಾನನ್ನು ತಿರುಗಿಸಿಟ್ಟು, ಹೊರಕೋಣೆಯ ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಿಸಿ ಅರ್ಧ ಗಂಟೆಯಾದರೂ ಬಿಡಿ. ಪರೀಕ್ಷೆ ನಡೆಯುವಾಗ ಮಾತ್ರ ಫ್ಯಾನ್ ನಿಲ್ಲಬೇಕು, ಏಕೆಂದರೆ ಅದರ ಗುಂಯ್‌ಗುಡುವಿಕೆಯಿಂದ ತಗ್ಗಿನ ಆವರ್ತನಗಳಾದ 250 ಮತ್ತು 500 ಹರ್ಟ್ಸ್‌ನ ಫಲಿತಾಂಶ ಮೊದಲು ಕೆಡುತ್ತದೆ. ಈ ಲೆಕ್ಕದಲ್ಲಿ ದಿನಕ್ಕೆ ನೋಡಬಹುದಾದ ರೋಗಿಗಳ ಸಂಖ್ಯೆ ಇಳಿಯುತ್ತದೆ. ಅದನ್ನು ತಪ್ಪಿಸುವ ಉಪಾಯ ನನಗೆ ಕಂಡಿಲ್ಲ. ಉಳಿದ ಕೆಲಸವನ್ನು ಬೂತ್‌ನಿಂದ ಆಚೆಗೆ ತರುವುದೊಂದೇ ದಾರಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ಜೂನ್, ಜುಲೈ ತಿಂಗಳಲ್ಲಿ ಕಿಟಕಿ ತೆರೆದರೆ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಆವರ್ತನಗಳನ್ನೂ ಮುಳುಗಿಸುತ್ತದೆ; ಮುಚ್ಚಿದರೆ ಗಾಳಿಯಿಲ್ಲ. ಇಲ್ಲಿ ಇನ್ಸರ್ಟ್ ಇಯರ್‌ಫೋನ್ ಬಹಳ ಉಪಯುಕ್ತ. ನಾಳದೊಳಗೆ ಕೂರುವ ಅದರ ಸ್ಪಂಜಿನ ತುದಿ ಹೊರಗಿನ ಸದ್ದನ್ನು ಸಾಮಾನ್ಯ ಹೆಡ್‌ಫೋನಿಗಿಂತ ಹೆಚ್ಚು ತಡೆಯುತ್ತದೆ, ಒಬ್ಬರಿಗೆ ಬಳಸಿದ ತುದಿಯನ್ನು ಎಸೆದುಬಿಡುವುದರಿಂದ ಸೋಂಕಿನ ಚಿಂತೆಯೂ ಇಲ್ಲ, ಮೇಲಾಗಿ ವಯಸ್ಸಾದವರಲ್ಲಿ ಹೆಡ್‌ಫೋನಿನ ಒತ್ತಡಕ್ಕೆ ಕಿವಿಯ ನಾಳ ಕುಸಿದು ತಪ್ಪು ಫಲಿತಾಂಶ ಬರುವುದೂ ತಪ್ಪುತ್ತದೆ. ಸೋರುವ ಕಿವಿಗೆ ಮಾತ್ರ ಅದನ್ನು ಬಳಸಬಾರದು. ನಿಮ್ಮ ಯಂತ್ರವನ್ನು ಅದಕ್ಕೆ ಪ್ರತ್ಯೇಕವಾಗಿ ಕ್ಯಾಲಿಬ್ರೇಟ್ ಮಾಡಿಸಿಕೊಳ್ಳಬೇಕು, ಅಂದರೆ ಅಳತೆ ಸರಿಹೊಂದಿಸಿಕೊಳ್ಳಬೇಕು. ಹೆಡ್‌ಫೋನಿನ ಜಾಗಕ್ಕೆ ಸುಮ್ಮನೆ ಸಿಕ್ಕಿಸಿ ಪರೀಕ್ಷೆ ಮಾಡುವವರನ್ನು ಕಂಡಿದ್ದೇನೆ, ಹಾಗೆ ಸಿಕ್ಕ ಶ್ರವಣ ನಕ್ಷೆಗೆ, ಅಂದರೆ ಆಡಿಯೋಗ್ರಾಮ್‌ಗೆ ಬೆಲೆಯಿಲ್ಲ.

ಎರಡನೆಯ ಹಿರಿಯರ ಮಾತಿಗೆ ಬರುತ್ತೇನೆ. ಯುವಿ ಬೆಳಕು ತಾನು ನೇರವಾಗಿ ಬಿದ್ದ ಮೇಲ್ಮೈಯ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಕಿವಿಯಚ್ಚಿನ ರಂಧ್ರದೊಳಗೆ, ಗುಗ್ಗೆ ಅಂಟಿದ ಜಾಗದಲ್ಲಿ, ನೆರಳು ಬಿದ್ದ ಮಗ್ಗುಲಲ್ಲಿ ಅದರಿಂದ ಪ್ರಯೋಜನವಿಲ್ಲ. ಮೊದಲು ಗುಗ್ಗೆಯನ್ನು ತೆಗೆದು ಒರೆಸಬೇಕು, ಅನಂತರವೇ ಸೋಂಕುನಿವಾರಣೆ. ಈ ಕ್ರಮವನ್ನು ಯಾವ ಪೆಟ್ಟಿಗೆಯೂ ಬದಲಿಸಲಾರದು. ಇನ್ನು ಸ್ಯಾನಿಟೈಸರ್ ಕೈಗೆ ಒಳ್ಳೆಯದು, ಶ್ರವಣ ಸಾಧನಕ್ಕೆ ಅಲ್ಲ. ಆಲ್ಕೊಹಾಲ್‌ನಿಂದ ಅಕ್ರಿಲಿಕ್ ಅಚ್ಚಿನಲ್ಲಿ ಸಣ್ಣ ಬಿರುಕುಗಳೇಳುತ್ತವೆ, ಹೆಡ್‌ಫೋನಿನ ರಬ್ಬರ್ ಮೆತ್ತೆ ಗಟ್ಟಿಯಾಗಿ ಒಡೆಯುತ್ತದೆ, ಸಿಂಪಡಿಸಿದ ದ್ರವ ಮೈಕ್ರೊಫೋನಿನ ತೂತಿಗೆ ಇಳಿದರೆ ಸಾಧನವೇ ಹಾಳು. ಕೋವಿಡ್ ಕಾಲದಲ್ಲಿ ಮಕ್ಕಳು ಪ್ರೀತಿಯಿಂದಲೇ ಅಜ್ಜನ ಕಿವಿ ಮೆಷಿನನ್ನು ಸ್ಯಾನಿಟೈಸರ್‌ನಲ್ಲಿ ತೊಳೆದು ತಂದ ಪ್ರಸಂಗಗಳು ನಮ್ಮಲ್ಲಿ ಬೇಕಷ್ಟು. ಆಲ್ಕೊಹಾಲ್ ಇಲ್ಲದ ಸೋಂಕುನಿವಾರಕ ವೈಪ್‌ಗಳನ್ನು ಬಳಸಿ. ಬಿಚ್ಚಿ ತೆಗೆಯಬಹುದಾದ ಅಚ್ಚನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಗುಗ್ಗೆ ತೆಗೆಯುವ ಲೋಹದ ಸಾಮಗ್ರಿಗೆ ಒತ್ತಡದ ಹಬೆಯಿಂದ ಸೋಂಕು ಕಳೆಯುವ ಆಟೋಕ್ಲೇವ್ ಬೇಕು. ನೆಲಕ್ಕೆ 1 ಶೇಕಡಾ ಹೈಪೊಕ್ಲೋರೈಟ್ (ಬ್ಲೀಚ್) ದ್ರಾವಣ ಸಾಕು.

ಮಾಸ್ಕ್ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ನಮ್ಮ ವೃತ್ತಿಯವರಿಗೆ ಮಾತ್ರ ಇರುವ ಕಷ್ಟ ಅದು. ಸಾಮಾನ್ಯ ಸರ್ಜಿಕಲ್ ಮಾಸ್ಕ್ ಮಾತಿನ ಎತ್ತರದ ಆವರ್ತನಗಳನ್ನು 3ರಿಂದ 4 ಡೆಸಿಬೆಲ್ ತಗ್ಗಿಸುತ್ತದೆ. ಎನ್95 ಸುಮಾರು 12 ಡೆಸಿಬೆಲ್‌ವರೆಗೂ ತಗ್ಗಿಸಬಹುದು. ವಯಸ್ಸಾದವರ ಕಿವಿ ಸೋತಿರುವುದೂ ಇದೇ 2000 ಹರ್ಟ್ಸ್‌ನಿಂದ ಮೇಲಿನ ಭಾಗದಲ್ಲಿ: ಸ, ಶ, ತ, ಕ ಮುಂತಾದ ವ್ಯಂಜನಗಳ ಜಾಗ. ಅದರ ಮೇಲೆ ತುಟಿಯೂ ಕಾಣದು. ಪಾರದರ್ಶಕ ಮಾಸ್ಕ್ ಹಾಕಿದರೆ ತುಟಿ ಕಾಣುತ್ತದೆ, ಆದರೆ ಪ್ಲಾಸ್ಟಿಕ್ ಹಾಳೆ ಧ್ವನಿಯನ್ನು ಬಟ್ಟೆಗಿಂತ ಹೆಚ್ಚು ತಡೆಯುತ್ತದೆ. ಚೆನ್ನಾಗಿ ತುಟಿ ಓದಬಲ್ಲ ತೀವ್ರ ಕಿವುಡುತನದ ರೋಗಿಗೆ ಅದು ಲಾಭ, ಉಳಿದವರಿಗೆ ನಷ್ಟವೇ ಹೆಚ್ಚು. ಬರಿಯ ಫೇಸ್ ಶೀಲ್ಡ್ ಮಾಸ್ಕ್‌ಗೆ ಬದಲಿಯಲ್ಲ. ಅದರ ಬದಿಗಳಿಂದ ಗಾಳಿ ಸರಾಗವಾಗಿ ಓಡಾಡುತ್ತದೆ.

ಕಾಸರಗೋಡಿನಲ್ಲಿ ಭಾಷೆಯಿಂದಾಗಿ ಈ ಕಷ್ಟ ಇಮ್ಮಡಿಯಾಗುತ್ತದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಮರಾಠಿ ಆಡುವ ವೃದ್ಧರೊಡನೆ ನಾವು ಕನ್ನಡದಲ್ಲೋ ಮಲಯಾಳದಲ್ಲೋ ಮಾತನಾಡುತ್ತೇವೆ. ಮನೆಮಾತಿನಲ್ಲಾದರೆ ಅರ್ಧ ಕೇಳಿದ ಪದವನ್ನೂ ಅವರು ಊಹಿಸಿ ಪೂರ್ಣಗೊಳಿಸಬಲ್ಲರು. ಎರಡನೆಯ ಭಾಷೆಯಲ್ಲಿ ಆ ಊಹೆ ಕೈಕೊಡುತ್ತದೆ. ಆದ್ದರಿಂದ ಫೋನಿನಲ್ಲಿ ಸಮಯ ಗೊತ್ತುಮಾಡುವಾಗಲೇ ಮನೆಮಾತು ಯಾವುದು, ಓದಲು ಬರುವ ಲಿಪಿ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಂಜೇಶ್ವರ ಕಡೆಯ ಹಳಬರಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರು ಅನೇಕರಿದ್ದಾರೆ, ಅವರ ಮೊಮ್ಮಕ್ಕಳಲ್ಲಿ ಹಲವರಿಗೆ ಮಲಯಾಳ ಲಿಪಿಯೇ ರೂಢಿ. ಅಜ್ಜಿಗೆ ಕೊಡುವ ಚೀಟಿಯನ್ನು ಮೊಮ್ಮಗಳಿಗೆ ತಿಳಿಯುವ ಲಿಪಿಯಲ್ಲಿ ಬರೆದುಕೊಟ್ಟರೆ ಅಜ್ಜಿಗೆ ಉಪಯೋಗವಿಲ್ಲ. ಓದಲು ಬಾರದವರಿಗಾಗಿ ಬ್ಯಾಟರಿ ಬದಲಿಸುವ, ಅಚ್ಚು ಹಾಕುವ ಚಿತ್ರಗಳಿರಲಿ. ಮಾತನ್ನು ಬರಹವಾಗಿ ತೋರಿಸುವ ಮೊಬೈಲ್ ಸೌಲಭ್ಯ ಕನ್ನಡದಲ್ಲೂ ಮಲಯಾಳದಲ್ಲೂ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಮಾತಿನ ಪರೀಕ್ಷೆಯಲ್ಲಿ ಇನ್ನೊಂದು ಎಚ್ಚರ ಬೇಕು. ಮಾಸ್ಕ್ ಹಾಕಿಕೊಂಡು ಮೈಕ್‌ನಲ್ಲಿ ಪದಪಟ್ಟಿ ಓದಿದರೆ ರೋಗಿಯ ಅಂಕ ಇಳಿಯುತ್ತದೆ, ಆ ಇಳಿಕೆ ಅವರ ಕಿವಿಯದ್ದೋ ನಿಮ್ಮ ಮಾಸ್ಕಿನದ್ದೋ ಹೇಳಲಾಗದು. ಧ್ವನಿಮುದ್ರಿತ ಪಟ್ಟಿಯನ್ನೇ ಬಳಸಿ. ಅದಿಲ್ಲದ ಭಾಷೆಯಲ್ಲಿ, ನೀವು ಪ್ರತ್ಯೇಕ ಕೋಣೆಯಲ್ಲಿ ಒಬ್ಬರೇ ಇದ್ದು ಬಾಗಿಲು ಮುಚ್ಚಿದ್ದರೆ ಮಾತ್ರ ಮಾಸ್ಕ್ ತೆಗೆದು ಓದಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ನಮೂದಿಸಿ. ಸಾಧನ ಹೊಂದಿಸುವಾಗ ಮಾಸ್ಕ್ ಧರಿಸಿದವರ ಮಾತಿಗೆಂದೇ ಒಂದು ಹೆಚ್ಚುವರಿ ಪ್ರೋಗ್ರಾಮ್ ಮಾಡಿ, ಎತ್ತರದ ಆವರ್ತನಗಳನ್ನು ಕೆಲವು ಡೆಸಿಬೆಲ್ ಏರಿಸಿಕೊಡಬಹುದು. ಹೆಚ್ಚು ಏರಿಸಿದರೆ ಸಾಧನ ಸಿಳ್ಳೆ ಹಾಕುತ್ತದೆ. ಕಿವಿಯ ಹಿಂದೆ ಸಿಕ್ಕಿಸುವ ಮಾಸ್ಕಿನ ದಾರ ಸಾಧನವನ್ನೂ ಎಳೆದು ಬೀಳಿಸುತ್ತದೆ. ಬಸ್ಸಿನಲ್ಲಿ ಮಾಸ್ಕ್ ತೆಗೆಯುವಾಗ ಮೆಷಿನ್ ಕಳೆದುಕೊಂಡವರು ಆಗ ಒಬ್ಬಿಬ್ಬರಲ್ಲ. ತಲೆಯ ಹಿಂದೆ ಕಟ್ಟುವ ಲಾಡಿಯ ಮಾಸ್ಕ್ ಹಾಕಲು ಹೇಳಿ.

ಈಗ ಆಯ್ಕೆಗಳ ಮಾತು. ಪೂರ್ತಿ ಮುಚ್ಚಿ ಫೋನಿನಲ್ಲೇ ಸಲಹೆ ಕೊಡುವುದರಿಂದ ಸೋಂಕಿನ ಅಪಾಯ ಇಲ್ಲವಾಗುತ್ತದೆ, ಆದರೆ ಕಿವಿಯೊಳಗೆ ನೋಡದೆ ಗುಗ್ಗೆಯನ್ನೂ ನರದ ತೊಂದರೆಯನ್ನೂ ಬೇರ್ಪಡಿಸುವುದು ಕಷ್ಟ. ಎಂದಿನಂತೆ ತೆರೆದಿಡುವುದು ವಯಸ್ಸಾದವರನ್ನೂ ಮಧುಮೇಹಿಗಳನ್ನೂ ಒಂದೇ ಕಾಯುವ ಬೆಂಚಿನಲ್ಲಿ ಕೂರಿಸಿದಂತೆ. ಅದನ್ನು ನಾನು ಒಪ್ಪುವುದಿಲ್ಲ. ಮೂರನೆಯದು ಕೆಲಸವನ್ನು ಮೂರು ಪಾಲು ಮಾಡುವುದು, ನನ್ನ ಒಲವು ಇದರತ್ತ. ಬ್ಯಾಟರಿ, ಟ್ಯೂಬ್ ಬದಲಾವಣೆ, ಸ್ವಚ್ಛಗೊಳಿಸುವಿಕೆ ಇವನ್ನು ಜಗಲಿಯಲ್ಲೇ ಮುಗಿಸಬಹುದು. ರೋಗಿ ಒಳಗೆ ಬರಬೇಕಾಗಿಲ್ಲ. ಆಟೋಸ್ಕೋಪ್ ಪರೀಕ್ಷೆ ಮತ್ತು ಲ್ಯಾಪ್‌ಟಾಪ್‌ನಿಂದ ಮಾಡುವ ಪ್ರೋಗ್ರಾಮಿಂಗ್ ಕೂಡ ಗಾಳಿಯಾಡುವ ಜಗಲಿಯಲ್ಲಿ ಚೆನ್ನಾಗಿಯೇ ಆಗುತ್ತದೆ. ಬ್ಲೂಟೂತ್ ಇರುವ ಸಾಧನಗಳನ್ನು ಮನೆಯಲ್ಲೇ ಕುಳಿತು ದೂರದಿಂದ ಹೊಂದಿಸಬಹುದಾದರೂ, ಎಣ್ಮಕಜೆ, ದೇಲಂಪಾಡಿ ಕಡೆಯ ಗುಡ್ಡಗಳ ನಡುವೆ ನೆಟ್‌ವರ್ಕ್ ನಡುವೆಯೇ ಕಡಿದುಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೂತ್‌ನೊಳಗಿನ ಪರೀಕ್ಷೆ ಮಾತ್ರ ಸಮಯ ಗೊತ್ತುಮಾಡಿ ಬಂದವರಿಗೆ, ಒಬ್ಬರ ನಂತರ ಒಬ್ಬರಿಗೆ, ಮೇಲೆ ಹೇಳಿದ ವಿರಾಮದೊಡನೆ. ಜ್ವರ, ಕೆಮ್ಮು ಇರುವವರನ್ನು ಮುಂದೂಡಿ. ಮುಂದೂಡಲಾಗದ ತೊಂದರೆಯಾದರೆ ದಿನದ ಕೊನೆಗೆ ಕರೆಯಿರಿ.

ಕಿವಿಯ ಸಮೀಪ ಕೆಲಸ ಮಾಡುವಾಗ ಎನ್95 ನಿಮಗಿರಲಿ, ರೋಗಿಯ ಮಾಸ್ಕೂ ಮುಖದ ಮೇಲೇ ಇರಲಿ. ಕಿವಿಯ ನಾಳದ ಚರ್ಮಕ್ಕೆ, ಗಂಟಲಿಗೂ ಹೋಗುವ ವೇಗಸ್ ನರದ ಒಂದು ಕವಲು ಬರುವುದರಿಂದ ಗುಗ್ಗೆ ತೆಗೆಯುವಾಗ, ಅಚ್ಚಿನ ಅಳತೆಗೆ ಪೇಸ್ಟ್ ತುಂಬುವಾಗ ಕೆಲವರಿಗೆ ತಟ್ಟನೆ ಕೆಮ್ಮು ಬರುತ್ತದೆ. ನೀವು ಬದಿಗೆ ನಿಂತು, ಅವರ ಮುಖ ಆಚೆಗಿರುವಂತೆ ಕೂರಿಸಿ, ಆ ಹೊತ್ತಿನಲ್ಲಿ ಪ್ರಶ್ನೆ ಕೇಳಬೇಡಿ. ಮಾತನಾಡಿಸುವ ನಮ್ಮ ಅಭ್ಯಾಸ ಇಲ್ಲಿ ಬೇಡ.

ಯಾರನ್ನು ಮುಂದೂಡಬಾರದು ಎಂಬುದು ಇದೆಲ್ಲಕ್ಕಿಂತ ಮುಖ್ಯ. 3 ದಿನಗಳೊಳಗೆ ಒಂದು ಕಿವಿ ತಟ್ಟನೆ ಮಂದವಾದರೆ ಅದು ತುರ್ತು. ನರದ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ 2 ವಾರಗಳೊಳಗೆ ಶುರುವಾಗಬೇಕು, ಆಮೇಲೆ ಫಲ ಕಡಿಮೆಯಾಗುತ್ತ ಹೋಗುತ್ತದೆ. ಲಾಕ್‌ಡೌನಿನಲ್ಲಿ ‘ಗುಗ್ಗೆ ಕಟ್ಟಿರಬೇಕು’ ಎಂದು ಬಿಸಿ ತೆಂಗಿನೆಣ್ಣೆ ಬಿಟ್ಟುಕೊಂಡು ತಿಂಗಳುಗಟ್ಟಲೆ ಕಾದು, ಗಡಿ ತೆರೆದ ಮೇಲೆ ಬಂದವರಿಗೆ ಶ್ರವಣ ಸಾಧನದ ಹೊರತು ಬೇರೇನನ್ನೂ ಹೇಳಲಾಗಲಿಲ್ಲ. ಇದನ್ನು ಫೋನಿನಲ್ಲೇ ಒಂದು ಮಟ್ಟಿಗೆ ಗುರುತಿಸಬಹುದು. ಬಾಯಿ ಮುಚ್ಚಿ ‘ಮ್’ ಎಂದು ಗುನುಗಲು ಹೇಳಿ. ಮಂದವಾದ ಕಿವಿಯಲ್ಲೇ ಸದ್ದು ಜೋರಾಗಿ ಕೇಳಿದರೆ ಗುಗ್ಗೆಯೋ ನಡುಕಿವಿಯ ತಡೆಯೋ ಇರುವ ಸಂಭವ ಹೆಚ್ಚು. ಒಳ್ಳೆಯ ಕಿವಿಯಲ್ಲಿ ಜೋರಾಗಿ ಕೇಳಿದರೆ ನರದ ಕಡೆಗೆ ಶಂಕೆ ಹೋಗಬೇಕು, ಅವರನ್ನು ಅಂದೇ ಕರೆಸಬೇಕು. ಜಗಲಿಯಲ್ಲಿ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್‌ನಿಂದ ಇದನ್ನೇ ಇನ್ನಷ್ಟು ಖಚಿತಪಡಿಸಿಕೊಳ್ಳಬಹುದು, ಬೂತ್ ಬೇಕಿಲ್ಲ. ಮಧುಮೇಹ ಇರುವ ವೃದ್ಧರಲ್ಲಿ ರಾತ್ರಿ ನಿದ್ದೆಗೆಡಿಸುವ ಕಿವಿನೋವು, ಸೋರುವ ಕಿವಿಯೊಡನೆ ಮುಖ ಸೊಟ್ಟಗಾಗುವುದು ಅಥವಾ ತಲೆಸುತ್ತು, ಮಗುವಿನ ಕಿವಿ ಅಥವಾ ಮೂಗಿನಲ್ಲಿ ಸಿಕ್ಕಿಕೊಂಡ ಗುಂಡಿಯಾಕಾರದ ಬ್ಯಾಟರಿ, ಇವರೆಲ್ಲ ನಿಮ್ಮಲ್ಲಿ ನಿಲ್ಲದೆ ನೇರ ಆಸ್ಪತ್ರೆಗೆ ಹೋಗಬೇಕಾದವರು. ಗಡಿ ಮುಚ್ಚಿದರೆ ಕಾಸರಗೋಡು, ಕಾಞಂಗಾಡು, ಕಣ್ಣೂರು ಕಡೆಯಲ್ಲಿ ಯಾವ ಇ.ಎನ್.ಟಿ. ವೈದ್ಯರಿಗೆ ಕಳಿಸಬಹುದೆಂಬ ಪಟ್ಟಿಯನ್ನು ಈಗಲೇ ಮಾಡಿ, ಅವರೊಡನೆ ಮಾತನಾಡಿಟ್ಟುಕೊಳ್ಳಿ.

ಮಕ್ಕಳ ವಿಷಯದಲ್ಲೂ ಕಾಯುವುದಕ್ಕೆ ಬೆಲೆ ತೆರಬೇಕು. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಸಾಧನ ಎಂಬ ಗಡುವು ಭಾಷೆ ಕಲಿಯುವ ಮೆದುಳಿನದ್ದು, ಆಡಳಿತ ಹಾಕಿದ್ದಲ್ಲ. ಕೇರಳ ಸರಕಾರದ ‘ಶ್ರುತಿತರಂಗಂ’ ಯೋಜನೆಯಡಿ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಸಾಧನ) ಆದ ಮಕ್ಕಳ ತರಬೇತಿಯನ್ನು ನಿಲ್ಲಿಸುವ ಬದಲು, ತಾಯಿಯ ಕೈಯಲ್ಲಿ ಮನೆಯಲ್ಲೇ ಮಾಡಿಸುವ ಪಾಠಗಳನ್ನು ವಿಡಿಯೊ ಕರೆಯಲ್ಲಿ ಹೇಳಿಕೊಡಿ.

ನಿಪಾ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಮೇಲಿನದೆಲ್ಲ ಕೋವಿಡ್‌ನಂತೆ ಗಾಳಿಯಲ್ಲಿ ಸುಲಭವಾಗಿ ಹರಡುವ ರೋಗಕ್ಕೆ ಅನ್ವಯಿಸುತ್ತದೆ. ನಿಪಾ ಹರಡುವುದು ಮುಖ್ಯವಾಗಿ ರೋಗಿಯ ನಿಕಟ ಸಂಪರ್ಕ ಮತ್ತು ದೇಹದ್ರವಗಳಿಂದ. 2018ರಲ್ಲಿ ಕೋಝಿಕ್ಕೋಡಿನಲ್ಲಿ ಅದು ಹೆಚ್ಚಾಗಿ ಹಬ್ಬಿದ್ದು ಆಸ್ಪತ್ರೆಗಳೊಳಗೆ. ಸಾಮಾನ್ಯ ಜನರಲ್ಲಿ ಅದು ಕೋವಿಡ್‌ನಷ್ಟು ವೇಗವಾಗಿ ಹಬ್ಬುವುದಿಲ್ಲ, ಆದರೆ ತಗಲಿದವರಲ್ಲಿ ಸಾಯುವವರು ಶೇಕಡಾ 40ರಿಂದ 75. ಹಾಗಾಗಿ ಕಂಟೈನ್‌ಮೆಂಟ್ ವಲಯ ಘೋಷಣೆಯಾದ ಊರಿನಲ್ಲಿದ್ದರೆ ಮುಚ್ಚಿಯೇಬಿಡಿ. ಕೋಝಿಕ್ಕೋಡಿನಲ್ಲಿ ಪ್ರಕರಣ ಬಂದಿತೆಂದು ಬದಿಯಡ್ಕದಲ್ಲಿ ಬಾಗಿಲು ಹಾಕಬೇಕಾಗಿಲ್ಲ. ಜ್ವರದೊಡನೆ ಆ ಕಡೆಯ ಪ್ರಯಾಣ ಅಥವಾ ಅಂಥ ರೋಗಿಯ ಸಂಪರ್ಕ ಇದ್ದವರನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕೊನೆಯದಾಗಿ ಹಣದ ಪ್ರಶ್ನೆ. ಮೊದಲು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಕಿಟಕಿಯನ್ನು ಅದಕ್ಕೆ ಹೊಂದಿಸಲು ಕಟ್ಟಡದ ಮಾಲಕರ ಒಪ್ಪಿಗೆ ಬೇಕಾಗುವುದರಿಂದ ಈಗಲೇ ಕೇಳುವುದು ಒಳಿತು. ಅದರ ನಂತರ ಟ್ಯೂನಿಂಗ್ ಫೋರ್ಕ್ ಇಲ್ಲದಿದ್ದರೆ ಅದು, ಮತ್ತೆ ಇನ್ಸರ್ಟ್ ಇಯರ್‌ಫೋನ್. ಎನ್95 ಮಾಸ್ಕ್‌ಗಳನ್ನು ಉಸಿರು ಬಿಡುವ ಕವಾಟವಿಲ್ಲದವೇ ಆರಿಸಿ, ಏಕೆಂದರೆ ಕವಾಟವಿದ್ದರೆ ನಿಮ್ಮ ಉಸಿರು ಸೋಸದೆ ರೋಗಿಯ ಮೇಲೆ ಹೋಗುತ್ತದೆ. 13, 312 ಮತ್ತು 675 ಗಾತ್ರದ ಬ್ಯಾಟರಿಗಳನ್ನು ಎರಡು ಮೂರು ತಿಂಗಳಿಗೆ ಸಾಲುವಷ್ಟು ಇಟ್ಟುಕೊಳ್ಳಿ. ಅಂಟುಪಟ್ಟಿ ತೆಗೆಯದ ಝಿಂಕ್-ಏರ್ ಬ್ಯಾಟರಿ ವರ್ಷಗಳವರೆಗೆ ಕೆಡುವುದಿಲ್ಲ, ಮತ್ತು ರಸ್ತೆ ಮುಚ್ಚಿದಾಗ ಜನ ಮೊದಲು ಕೇಳಿಕೊಂಡು ಬರುವುದು ಅದನ್ನೇ. ಬಾಡಿಗೆಯ ಹೊರೆಗೂ ಈ ಸಣ್ಣ ಜಗಲಿ ಸೇವೆಗಳೇ ಸ್ವಲ್ಪಮಟ್ಟಿಗೆ ಆಧಾರವಾಗುತ್ತವೆ. ಮಾಸ್ಕ್ ಮತ್ತು ಇಯರ್‌ಫೋನಿನ ತುದಿಗಳ ಖರ್ಚನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆದು ತೋರಿಸಿದರೆ ಹೆಚ್ಚಿನವರು ತಕರಾರಿಲ್ಲದೆ ಕೊಡುತ್ತಾರೆ. ಯುವಿ ಪೆಟ್ಟಿಗೆಯನ್ನು ಸದ್ಯಕ್ಕೆ ಕೊಳ್ಳಬೇಡಿ.